ಗೃಹಯಂತ್ರ ವಿಚಾರ: ಮುಚ್ಚಿದರೂ ನಿದ್ರಿಸದ ಲ್ಯಾಪ್‌ಟಾಪ್

ಹಳೆಯ ವಸ್ತುವನ್ನು ಬಿಸುಡದೆ ಸರಿಪಡಿಸಿ ಬಾಳಿಸುವುದು ನಮ್ಮ ಬಯಲುಸೀಮೆಯ ಮನೆಗಳ ವಾಡಿಕೆಯಷ್ಟೆ. ಈಗ ಲ್ಯಾಪ್‌ಟಾಪುಗಳಿಗೂ ಆ ಭಾಗ್ಯ ಒದಗಿದೆ. ಆದರೆ ಮನೆಯಲ್ಲಿಯೇ ಬಿಚ್ಚಿ ಜೋಡಿಸಿದ ಯಂತ್ರದಲ್ಲಿ ಹೊಸದೊಂದು ತೊಂದರೆ ತಲೆದೋರುವುದುಂಟು. ವಾಚಕರಿಗೆ ಉಪಯೋಗವಾದೀತೆಂದು ನಮ್ಮ ಅನುಭವವನ್ನೇ ಬರೆಯುತ್ತೇವೆ.

ಮೊಳಕಾಲ್ಮೂರಿನ ನಮ್ಮ ತಂಗಿಯ ಮನೆಯವರು ರೇಷ್ಮೆಸೀರೆ ನೇಯುವವರು. ಅಂಚು ಸೆರಗುಗಳ ಚಿತ್ತಾರಗಳೂ ಮಗ್ಗದ ಲೆಕ್ಕವೂ ಹಳೆಯದೊಂದು ಲ್ಯಾಪ್‌ಟಾಪಿನಲ್ಲಿವೆ. ಅದರ ಪರದೆಯ ಸುತ್ತಲಿನ ಚೌಕಟ್ಟು ಒಡೆದುದರಿಂದ ಅವಳ ಮಗನು ಬೇರೊಂದನ್ನು ತರಿಸಿ ತಾನೇ ಅಳವಡಿಸಿದನು. ಕೆಲಸವೇನೋ ಚೊಕ್ಕಟವಾಯಿತು. ಮರುವಾರ ಬಿಸಿಲಿನಲ್ಲಿ ಅದನ್ನು ಮುಚ್ಚಿ, ಚೀಲದಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಚಳ್ಳಕೆರೆಗೆ ನಮ್ಮಲ್ಲಿಗೆ ಬಂದನು. ಹೊರತೆಗೆದಾಗ ಯಂತ್ರವು ಕಾದ ಹೆಂಚಿನಂತಿದ್ದಿತು; ಬ್ಯಾಟರಿ ಬರಿದಾಗಿದ್ದಿತು; ಉಳಿಸದೆ ಬಿಟ್ಟಿದ್ದ ಹೊಸ ಸೆರಗಿನ ಚಿತ್ತಾರವೂ ಹೋಗಿದ್ದಿತು.

ನಿದ್ರಾವಸ್ಥೆಯಲ್ಲಿ ಲ್ಯಾಪ್‌ಟಾಪಿನ ಮಿಕ್ಕ ಭಾಗಗಳು ವಿಶ್ರಮಿಸಿ, ಮೆಮೊರಿಗೆ ಮಾತ್ರ ಅಲ್ಪ ವಿದ್ಯುತ್ತು ಸಲ್ಲುವುದು. ಮುಚ್ಚಿದರೂ ಅದು ನಿದ್ರಿಸದಿದ್ದರೆ, ಗಾಳಿಯಾಡದ ಚೀಲದಲ್ಲಿ ಬಿಸಿಯೇರಿ ಬ್ಯಾಟರಿಗೆ ಹಾನಿ ತಪ್ಪದು. ಬ್ಯಾಟರಿ ಉಬ್ಬಿರುವುದು ಕಂಡರೆ ಒಡನೆಯೇ ಬಳಕೆ ನಿಲ್ಲಿಸತಕ್ಕದ್ದು.

ನಾವು ಎರಡು ಸಂಜೆ ವಿಂಡೋಸಿನ ಸೆಟ್ಟಿಂಗುಗಳನ್ನೇ ಕೆದಕಿದೆವು. ಮುಚ್ಚಳ ಮುಚ್ಚಿದರೆ ನಿದ್ರಿಸಬೇಕೆಂಬ ಆಜ್ಞೆ ಅಲ್ಲಿ ಸರಿಯಾಗಿಯೇ ಇದ್ದಿತು. ಸ್ಟಾರ್ಟ್ ಪಟ್ಟಿಯ ಸ್ಲೀಪ್ ಒತ್ತಿದೊಡನೆ ಯಂತ್ರವು ನಿದ್ರಿಸಿತು. ಅಂದಮೇಲೆ ನಿದ್ರೆಯ ಶಕ್ತಿ ಕೆಟ್ಟಿಲ್ಲ. ಮುಚ್ಚಳದ ಸುದ್ದಿ ಮಾತ್ರ ಒಳಗೆ ಮುಟ್ಟುತ್ತಿಲ್ಲವೆಂದಾಯಿತು.

ಅನೇಕ ಲ್ಯಾಪ್‌ಟಾಪುಗಳಲ್ಲಿ ಈ ಸುದ್ದಿ ಮುಟ್ಟಿಸುವುದು ಮುಚ್ಚಳದೊಳಗಿನ ಪುಟ್ಟ ಸೂಜಿಗಲ್ಲು. ಅದು ಸಮೀಪಿಸಿದುದನ್ನು ಕೀಲಿಮಣೆಯ ಭಾಗದಲ್ಲಿರುವ ಹಾಲ್ ಸಂವೇದಕವು ಅರಿಯುವುದು. ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ 1879ರಲ್ಲಿ ಕಂಡುಹಿಡಿದ ತತ್ತ್ವವೇ ಇದಕ್ಕೆ ಆಧಾರ. ಫ್ರಿಜ್ಜಿಗೆ ಅಂಟಿಸುವ ಬೊಂಬೆಯ ಚಿಕ್ಕ ಸೂಜಿಗಲ್ಲನ್ನು ಕೀಲಿಮಣೆಯ ಅಂಚಿನುದ್ದಕ್ಕೂ ಮೆಲ್ಲಗೆ ಸರಿಸಿ ನೋಡಿದೆವು. ಒಂದೆಡೆಯಲ್ಲಿ ಪರದೆ ಆರಿತು! ಸಂವೇದಕವು ಕ್ಷೇಮ, ಕಾಣೆಯಾದುದು ಮುಚ್ಚಳದ ಸೂಜಿಗಲ್ಲು.

ತಂಗಿಗೆ ಫೋನು ಮಾಡಿದೆವು. ಹಳೆಯ ಚೌಕಟ್ಟನ್ನು ಮಗನು ಗುಜರಿಗೆ ಹಾಕೆಂದಿದ್ದರೂ ಅವಳು ಕಾಗದದಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದಳು. ಅದರ ಮೂಲೆಯಲ್ಲಿ ತೊಗರಿಬೇಳೆಯಷ್ಟು ಚಿಕ್ಕ ಸೂಜಿಗಲ್ಲು ಅಂಟಿಕೊಂಡೇ ಇದ್ದಿತು. ಹೊಸ ಚೌಕಟ್ಟಿನಲ್ಲಿ ಅದಿರಲಿಲ್ಲ. ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ತೆಗೆದು, ಬ್ಯಾಟರಿಯ ಸಂಪರ್ಕ ಬಿಡಿಸಿ, ಅದನ್ನು ಮೊದಲಿನ ಸ್ಥಳದಲ್ಲಿಯೇ ಮೊದಲಿನ ಮುಖವಾಗಿಯೇ ಕೂರಿಸಿದನು. ಮುಖ ತಿರುವಿಟ್ಟರೆ ಕೆಲವು ಸಂವೇದಕಗಳು ಅರಿಯವು. ಅಂದಿನಿಂದ ಯಂತ್ರವು ಮುಚ್ಚಿದೊಡನೆ ನಿದ್ರಿಸುತ್ತಿದೆ. ಕಳೆದ ಚಿತ್ತಾರವನ್ನು ಮಾತ್ರ ಹುಡುಗನು ಎರಡು ದಿನ ಕುಳಿತು ಮತ್ತೆ ಬರೆಯಬೇಕಾಯಿತು.

ಆದುದರಿಂದ ನಮ್ಮ ಸೂಚನೆಯಿಷ್ಟು: ರಿಪೇರಿಯಾದ ಮೇಲೆ ದೋಷ ಕಂಡರೆ ಕೈ ಮುಟ್ಟಿದ ಕಡೆಯಲ್ಲಿಯೇ ಮೊದಲು ಹುಡುಕಿರಿ. ಹೊಸ ಭಾಗವು ಎಲ್ಲ ಕೆಲಸವನ್ನೂ ಮಾಡಿತೋರಿಸುವ ತನಕ ಹಳೆಯದನ್ನು ಗುಜರಿಯವನಿಗೆ ಕೊಡಬೇಡಿರಿ. ಪ್ರಯಾಣಕ್ಕೆ ಹೊರಡುವ ಮುನ್ನ, ಕೆಲಸವನ್ನು ಉಳಿಸಿ, ಯಂತ್ರವನ್ನು ಆರಿಸಿಯೇ ಚೀಲದಲ್ಲಿಡಿರಿ.