48 ಗಂಟೆ, 7 ದಿನ, 15 ದಿನ... ಆಮೇಲೆ ಯಾರು ದಿಕ್ಕು?

ಕ್ಯಾಸನೂರು ಅಂದಕೂಡಲೇ ನೆನಪಾಗೋದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಈ ಊರಿನ ಕಾಡಲ್ಲಿ ಮಂಗಗಳು ಸಾಯತೊಡಗಿದವು, ಊರಿನ ಹೆಸರೇ ರೋಗದ ಹೆಸರಾಯಿತು. ಹೆಸರು ಸಿಕ್ಕ ಮೇಲೆ ಪ್ರಯೋಗಾಲಯ, ಲಸಿಕೆ, ಕಣ್ಗಾವಲು, ಅನುದಾನ ಎಲ್ಲವೂ ಬಂದವು. ಸಾಲದೇ ಇರಬಹುದು, ಆದರೂ ಬಂದವು. ಇದೇ ಸೊರಬ, ಶಿಕಾರಿಪುರದ ರಸ್ತೆಗಳಲ್ಲಿ ಬೈಕಿನಿಂದ ಬಿದ್ದು, ತೋಟದಲ್ಲಿ ಅಡಿಕೆ ಮರದಿಂದ ಜಾರಿ ಮಿದುಳಿಗೆ ಪೆಟ್ಟು ಮಾಡಿಕೊಂಡವರ ಕತೆ ಏನು? ಜೀವ ಉಳಿದ ಮೇಲೆ ಅವರು ಯಾವ ಪಟ್ಟಿಯಲ್ಲೂ ಇಲ್ಲ.

ಸರ್ಕಾರದ ಗಡಿಯಾರ

ಒಂದು ಸಣ್ಣ ಲೆಕ್ಕ ಹಾಕೋಣ. 2016ರಲ್ಲಿ ನೆಲಮಂಗಲದ ಬಳಿ ಅಪಘಾತಕ್ಕೀಡಾಗಿ, ಸಾಯುವಾಗಲೂ ಅಂಗಾಂಗ ದಾನದ ಮಾತಾಡಿದ ಯುವಕ ಹರೀಶ್ ಹೆಸರಲ್ಲಿ ರಾಜ್ಯ ಸರ್ಕಾರ 'ಮುಖ್ಯಮಂತ್ರಿ ಸಾಂತ್ವನ ಹರೀಶ್' ಯೋಜನೆ ತಂದಿತು. ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆ. 2025ರಲ್ಲಿ ಕೇಂದ್ರದ ನಗದುರಹಿತ ಯೋಜನೆ ಬಂತು, 7 ದಿನಕ್ಕೆ 1.5 ಲಕ್ಷದವರೆಗೆ. ಆಯುಷ್ಮಾನ್ ಭಾರತ್‌ನಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ 15 ದಿನದ ಖರ್ಚು ಸೇರುತ್ತದೆ.

ಇವೆಲ್ಲ ಬೇಕೇ ಬೇಕು, ಜೀವ ಉಳಿಸುತ್ತವೆ. ಆದರೆ ಪೆಟ್ಟು ತಿಂದ ಮಿದುಳು ಚೇತರಿಸಿಕೊಳ್ಳೋದು ತಿಂಗಳು, ವರ್ಷಗಳ ಲೆಕ್ಕದಲ್ಲಿ. ಮಾತು ಕಲಿಸಬೇಕು, ನಡಿಗೆ ಕಲಿಸಬೇಕು, ಅಂಗಿ ಗುಂಡಿ ಹಾಕೋದನ್ನೂ ಕಲಿಸಬೇಕು. ಸರ್ಕಾರದ ಗಡಿಯಾರ ನಿಂತ ಮೇಲೆಯೇ ನಿಜವಾದ ಕೆಲಸ ಶುರು. ಇನ್ನು ಅಡಿಕೆ ಕೊನೆ ಕೊಯ್ಯಲು ಹೋಗಿ ಬಿದ್ದವರಿಗಂತೂ ಮೊದಲೆರಡು ಯೋಜನೆಗಳೂ ಇಲ್ಲ, ಯಾಕಂದ್ರೆ ಅದು ರಸ್ತೆ ಅಪಘಾತವಲ್ಲ. ಮೋಟಾರು ಅಪಘಾತ ನ್ಯಾಯಮಂಡಳಿಯ ಬಾಗಿಲೂ ಅವರಿಗೆ ಮುಚ್ಚಿದೆ. ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಅವರ ಅಧ್ಯಯನಗಳ ಪ್ರಕಾರ ಭಾರತದಲ್ಲಿ ಮಿದುಳಿನ ಗಾಯಕ್ಕೆ ಸುಮಾರು ಶೇ 60ರಷ್ಟು ರಸ್ತೆ ಅಪಘಾತ ಕಾರಣವಾದರೆ, ಶೇ 20ರಿಂದ 25ರಷ್ಟು ಬೀಳುವುದೇ ಕಾರಣ.

ಕಾಣದ ಅಂಗವೈಕಲ್ಯ

ಕೈಕಾಲು ನೆಟ್ಟಗಿದೆ, ಓಡಾಡ್ತಾನೆ, ಉಣ್ತಾನೆ. ಆದರೆ ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ಸಣ್ಣ ಮಾತಿಗೆ ಸಿಟ್ಟು, ಯಾವ ಕೆಲಸಕ್ಕೂ ಮನಸ್ಸಿಲ್ಲ, ಅರ್ಧ ಗಂಟೆಗೆ ಸುಸ್ತು. ಊರವರು 'ಸೋಮಾರಿ' ಅಂತಾರೆ, ಇಲ್ಲಾ 'ಗಾಳಿ ಸೋಕಿದೆ' ಅಂತಾರೆ. ಕಾನೂನು ಏನನ್ನುತ್ತದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಮಿದುಳಿನ ಗಾಯಕ್ಕೆ ಅಲ್ಲಿ ಪ್ರತ್ಯೇಕ ಹೆಸರಿಲ್ಲ. ಹೀಗಾಗಿ ಚಲನಾ ವೈಕಲ್ಯದ ಕೆಳಗೋ, ಮಾನಸಿಕ ಅಸ್ವಸ್ಥತೆಯ ಕೆಳಗೋ ತೂರಿಕೊಳ್ಳಬೇಕು. ಶೇ 40 ದಾಟದಿದ್ದರೆ ಪಿಂಚಣಿಯೂ ಇಲ್ಲ.

ರಾಜ್ಯದ 2024ರ ಬಜೆಟ್‌ನಲ್ಲಿ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಣೆಯಾಯಿತು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಮನೆಗೆ ಅದು ಸಲ್ಲುತ್ತದೆ. ಹೆಸರಿಲ್ಲದವರಿಗೆ ಇಲ್ಲೂ ಜಾಗ ಸಿಗಲಿಲ್ಲ. ಕೂಲಿ ಬಿಟ್ಟು ಮಗನ ಪಕ್ಕ ಕೂರುವ ತಾಯಿಯ, ಹೆಂಡತಿಯ ದುಡಿಮೆಗೆ ಬೆಲೆಯೇ ಇಲ್ಲ.

ಬೆಲೆ ಕಟ್ಟೋಕೆ ಆಗಲ್ಲ ಅಂತೇನಿಲ್ಲ. ಅಪಘಾತದಲ್ಲಿ ಮಿದುಳಿಗೆ ತೀವ್ರ ಪೆಟ್ಟಾದ 12 ವರ್ಷದ ಬಾಲಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಪರಿಹಾರವನ್ನು 62 ಲಕ್ಷಕ್ಕೂ ಮೇಲಕ್ಕೆ ಏರಿಸಿತು. ಅದರಲ್ಲಿ ಇಬ್ಬರು ಆರೈಕೆದಾರರ ಸಂಬಳವನ್ನೇ 21.6 ಲಕ್ಷ ಎಂದು ಲೆಕ್ಕ ಹಾಕಿತು. ನ್ಯಾಯಾಲಯಕ್ಕೆ ಕಂಡಿದ್ದು ಬಜೆಟ್ಟಿಗೆ ಯಾಕೆ ಕಾಣಲ್ಲ?

ಬೆಂಗಳೂರಿಗೆ ಎಷ್ಟು ಸಲ?

ನಿಮ್ಹಾನ್ಸ್‌ನಲ್ಲಿ ನರಪುನಶ್ಚೇತನಕ್ಕೇ ಮೀಸಲಾದ ವಿಭಾಗವಿದೆ. ಆದರೆ ಶಿವಮೊಗ್ಗದಿಂದಲೇ ಅಲ್ಲಿಗೆ ಸುಮಾರು 300 ಕಿ.ಮೀ. ಕ್ಯಾಸನೂರಿನ ಕುಟುಂಬ ಮೊದಲು ಶಿವಮೊಗ್ಗ ಮುಟ್ಟಬೇಕು. ಒಮ್ಮೆ ಹೋಗಬಹುದು, ಎರಡು ಸಲ ಹೋಗಬಹುದು. ವಾರಕ್ಕೆ ಮೂರು ಸಲದ ಫಿಸಿಯೋಥೆರಪಿ, ಸ್ಪೀಚ್ ಥೆರಪಿಗೆ ಹೋಗೋದು ಹೇಗೆ?

ಹಾಗಂತ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಿಲ್ಲ. 2022ರಲ್ಲಿ ನಿಮ್ಹಾನ್ಸ್ ಜೊತೆ ರಾಜ್ಯ ಆರಂಭಿಸಿದ 'ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ'ದ ಕ್ಲಿನಿಕ್‌ಗಳು ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು, ಮರೆಗುಳಿತನದ ಮೇಲೆ ಗಮನ ಇಟ್ಟಿವೆ. ತಲೆಪೆಟ್ಟಿನ ನಂತರದ ಆರೈಕೆಯನ್ನೂ ಅಲ್ಲಿಗೆ ಸೇರಿಸಬಹುದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗೌರವಧನಕ್ಕೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಬಹುತೇಕರು ಸ್ವತಃ ಅಂಗವಿಕಲರು. ಅವರಿಗೆ ತರಬೇತಿ ಮತ್ತು ಸರಿಯಾದ ಸಂಬಳ ಕೊಟ್ಟರೆ ವ್ಯಾಯಾಮ, ನೆನಪಿನ ಅಭ್ಯಾಸ, ಮಾತ್ರೆಯ ನಿಗಾ ಮನೆಯಂಗಳಕ್ಕೇ ಬರುತ್ತದೆ. ಆರೈಕೆದಾರರ ಪಟ್ಟಿಗೆ ಮಿದುಳಿನ ಗಾಯ ಸೇರಿಸಲು ರಾಜ್ಯಕ್ಕೆ ಒಂದು ಆದೇಶ ಸಾಕು. ಅಂಗವೈಕಲ್ಯದ ಹೊಸ ಬಗೆಗಳನ್ನು ಅಧಿಸೂಚನೆ ಮೂಲಕವೇ ಸೇರಿಸುವ ಅಧಿಕಾರ ಕೇಂದ್ರಕ್ಕೆ ಕಾಯ್ದೆಯಲ್ಲೇ ಇದೆ, ಸಂಸತ್ತಿನಲ್ಲಿ ತಿದ್ದುಪಡಿಯೂ ಬೇಡ.

ಹೆಲ್ಮೆಟ್ ಹಾಕಿ ಅಂತ ನಮಗೆ ಬುದ್ಧಿ ಹೇಳೋದು ಸರಿಯೇ, ಹಾಕೋಣ. ಆದರೆ ಹೆಲ್ಮೆಟ್ ಹಾಕದ ತಪ್ಪನ್ನು ತೋರಿಸಿ, ಬದುಕುಳಿದವನ ಮುಂದಿನ 40 ವರ್ಷದ ಹೊಣೆಯಿಂದ ಸರ್ಕಾರ ಜಾರಿಕೊಳ್ಳುವಂತಿಲ್ಲ. ಮುಂದಿನ ಸಲ ನಿಮ್ಮ ಶಾಸಕರು 'ಅಪಘಾತಕ್ಕೆ ಉಚಿತ ಚಿಕಿತ್ಸೆ ಕೊಟ್ಟಿದ್ದೇವೆ' ಅಂದಾಗ ಒಂದೇ ಪ್ರಶ್ನೆ ಕೇಳಿ: ಹದಿನಾರನೇ ದಿನ ಯಾರು ನೋಡ್ಕೋತಾರೆ?