ಪ್ಯಾರಿಸಿನ ಸಭೆ, ನಮ್ಮ ಕೊಟ್ಟಿಗೆ

ಬೆಳಗಿನ ಕಾಫಿಗೆ ಹಾಲು ಕಾಯಿಸುವ ಗೃಹಿಣಿಗೂ ಪ್ಯಾರಿಸಿನಲ್ಲಿ ಕೂಡುವ ತಜ್ಞರ ಸಭೆಗೂ ಎಲ್ಲಿಯ ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು.

1920ರಲ್ಲಿ ಭಾರತದಿಂದ ಬ್ರೆಜಿಲ್ಲಿಗೆ ಹೊರಟ ದನಗಳು ದಾರಿಯಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಬಂದರಿನಲ್ಲಿ ತಂಗಿದವು. ಅವುಗಳೊಡನೆ, ಮಂದೆಮಂದೆಯನ್ನೇ ಬಲಿಗೊಳ್ಳುತ್ತಿದ್ದ ದೊಡ್ಡರೋಗವೂ ಇಳಿದು ಆ ದೇಶದಲ್ಲಿ ಹಬ್ಬಿತು. ತಮ್ಮ ಹೊಲಕ್ಕಷ್ಟೇ ಬೇಲಿ ಹಾಕಿಕೊಂಡರೆ ಸಾಲದೆಂದು ಮನಗಂಡ 28 ರಾಷ್ಟ್ರಗಳು 1924ರಲ್ಲಿ ಪ್ಯಾರಿಸಿನಲ್ಲೊಂದು ಕಚೇರಿಯನ್ನು ಸ್ಥಾಪಿಸಿದವು. ಅದೇ ಇಂದಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ.

ಅಲ್ಲಿ ತಜ್ಞರ ನಾಲ್ಕು ಆಯೋಗಗಳಿವೆ. ರೋಗವನ್ನು ಗುರುತಿಸುವ ಪರೀಕ್ಷೆ ಯಾವುದು, ದನವು ಹಡಗೇರುವ ಮುನ್ನ ಎಷ್ಟು ದಿನ ಪ್ರತ್ಯೇಕವಾಗಿರಬೇಕು, ಒಂದು ನಾಡನ್ನು ರೋಗಮುಕ್ತವೆನ್ನಲು ಯಾವ ಪುರಾವೆ ಬೇಕು ಎಂಬುದನ್ನು ಅವರು ಕರಡಾಗಿ ಬರೆಯುತ್ತಾರೆ. ಆದರೆ ತಜ್ಞರ ಮಾತೇ ಕೊನೆಯ ಮಾತಲ್ಲ. ಕರಡು ಸದಸ್ಯ ರಾಷ್ಟ್ರಗಳಿಗೆ ಹೋಗುತ್ತದೆ, ಆಕ್ಷೇಪಣೆಗಳೊಡನೆ ಮರಳುತ್ತದೆ, ತಿದ್ದುಪಡಿಯಾಗಿ ಮತ್ತೆ ಹೋಗುತ್ತದೆ. ಬಳಿಕ ಮೇ ತಿಂಗಳ ಮಹಾಸಭೆಯಲ್ಲಿ ಅಂಗೀಕಾರ. ಅಲ್ಲಿ ದೊಡ್ಡ ದೇಶಕ್ಕೂ ಚಿಕ್ಕ ದೇಶಕ್ಕೂ ಒಂದೊಂದೇ ಮತ.

ರೋಗವನ್ನು ಬಚ್ಚಿಟ್ಟರೆ ನೆರೆಯವರ ಮಂದೆಗೆ ಕೇಡು. ಬಯಲುಮಾಡಿದರೆ ತನ್ನ ವ್ಯಾಪಾರಕ್ಕೆ ಕೇಡು. ಈ ಇಕ್ಕಟ್ಟಿನಲ್ಲಿ ಎಲ್ಲರೂ ಒಪ್ಪಿದ ನಿಯಮವಿದ್ದರೆ ಮಾತ್ರ, ನಿಜ ನುಡಿದವನಿಗೂ ಮರಳಿ ಮಾರುಕಟ್ಟೆ ಸೇರುವ ದಾರಿಯಿರುತ್ತದೆ.

ಅಂತಹ ಒರೆಗಲ್ಲಿನಲ್ಲಿ ಪರೀಕ್ಷಿತವಾಗಿಯೇ ಭಾರತವು 2006ರಲ್ಲಿ ದೊಡ್ಡರೋಗದಿಂದ ಮುಕ್ತವೆನಿಸಿತು. 2011ರಲ್ಲಿ ಅದು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಲಸಿಕೆ ಹಾಕಿದ ಕೈಗಳ ಕೀರ್ತಿ ದೊಡ್ಡದು. ಅದನ್ನು ಜಗತ್ತು ನಂಬುವಂತೆ ಮಾಡಿದ ಲೇಖನಿಗಳದೂ ಚಿಕ್ಕದಲ್ಲ. ನಮ್ಮ ಮನೆಗೆ ಹಾಲು ಕೊಡುವ ಹಸುವಿಗೆ ಇಂದು ಆ ಭಯವಿಲ್ಲ.