ಧೈರ್ಯ ಅಳೆಯುವ ನಾಣ್ಯ

“ನಮ್ಮಪ್ಪ ಪುಕ್ಕಲು ಸಾರ್, ಟೊಮೆಟೊ ಹಾಕೋದೇ ಇಲ್ಲ” ಎಂದ ಚಿಂತಾಮಣಿ ಕಡೆಯ ಹುಡುಗನೊಬ್ಬ. ಪುಕ್ಕಲುತನವನ್ನು ಅಳೆಯುವುದು ಹೇಗೆ?

1970ರ ದಶಕದಲ್ಲಿ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಹ್ಯಾನ್ಸ್ ಬಿನ್ಸ್‌ವಾಂಗರ್ ಮಳೆಯಾಶ್ರಿತ ಹಳ್ಳಿಗಳ ರೈತರ ಮುಂದೆ ಒಂದು ಆಟವಿಟ್ಟರು. ಸುಮ್ಮನೆ 50 ಪೈಸೆ ಪಡೆಯಬಹುದು. ಇಲ್ಲವೇ ನಾಣ್ಯ ಚಿಮ್ಮಿ, ಒಂದು ಮುಖಕ್ಕೆ 30 ಪೈಸೆ, ಇನ್ನೊಂದಕ್ಕೆ ಒಂದೂವರೆ ರೂಪಾಯಿ. ಪೂರ್ತಿ ಎದೆಗಾರಿಕೆಯಿದ್ದರೆ ಸೊನ್ನೆ ಅಥವಾ 2 ರೂಪಾಯಿ! ಗೆದ್ದ ಹಣ ನಿಜವಾಗಿ ಕೈಗೆ.

ಪೈಸೆಯ ಆಟದಲ್ಲಿ ಆಯ್ಕೆಗಳು ಹಲವು ಬಗೆ. ಮೊತ್ತ ನೂರು ಪಟ್ಟು ಏರಿದಾಗ ಹೆಚ್ಚಿನವರು ನಡುವಿನ ದಾರಿ ಹಿಡಿದರು. ಬಡವ-ಬಲ್ಲಿದರಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಬಡವರು ಹೊಸ ಬೆಳೆಗೆ ಹಿಂಜರಿಯುವುದು ಹುಟ್ಟು ಅಂಜಿಕೆಯಿಂದಲ್ಲ, ಸಾಲ-ಸೌಲಭ್ಯಗಳ ಕೊರತೆಯಿಂದ ಎಂಬುದು 1980ರಲ್ಲಿ ಪ್ರಕಟವಾದ ಅವರ ತೀರ್ಮಾನ.

ಮಕ್ಕಳೇ, ಈ ಆಟವನ್ನು ಮನೆಯಲ್ಲಿ ಮೊದಲು ಹುಣಸೆಬೀಜ ಇಟ್ಟು ಆಡಿ. ಆಮೇಲೆ ಕಡಲೆಮಿಠಾಯಿ ಇಟ್ಟು ಆಡಿ. ನಿಮ್ಮ ಆಯ್ಕೆ ಬದಲಾಯಿತೇ, ಬರೆದಿಡಿ.

ಟೊಮೆಟೊ ಇರಲಿ, ಶಿಡ್ಲಘಟ್ಟದ ರೇಷ್ಮೆಗೂಡಿರಲಿ, ಪಣಕ್ಕಿರುವುದು ಹುಣಸೆಬೀಜವಲ್ಲ, ವರ್ಷದ ಅನ್ನ. ಅಪ್ಪನನ್ನು ಪುಕ್ಕಲು ಎನ್ನುವ ಮೊದಲು ಕೇಳಿ: ಕೊಳವೆಬಾವಿಯಲ್ಲಿ ನೀರೆಷ್ಟು? ತಲೆಯ ಮೇಲೆ ಸಾಲವೆಷ್ಟು?